ಗುರುಗಳೂ ಲೆಕ್ಕ ಕೊಡಬೇಕು

ಉದಗೀರ: ಭಾನುವಾರ ಚರ್ಚಿನ ಕಾಣಿಕೆಗೆ ಹತ್ತು ರೂಪಾಯಿ ಹಾಕುವ ಕೂಲಿಕಾರ ಕುಟುಂಬ ಆ ದುಡ್ಡು ಏನಾಯಿತು ಎಂದು ಕೇಳಬಹುದೇ? 'ಫಾದರ್‌ಗ ಕೇಳೂದು ಹೆಂಗ್ರೀ?' ಎಂಬ ಅಂಜಿಕೆಯೇ ಹೆಚ್ಚು. ಗುರುಗಳ ನಡತೆಯ ಮಾತು ಬಂದರಂತೂ ಬಾಯಿ ಕಟ್ಟಿಬಿಡುತ್ತದೆ.

1956ರವರೆಗೆ ಉದಗೀರ, ನಿಲಂಗಾ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾದರೂ ನೆಂಟಸ್ತನ ಉಳಿದಿದೆ. ಹೀಗಾಗಿ ಮೈಸೂರಿನಲ್ಲಿ ನಡೆದದ್ದು ಈ ಭಾಗದ ಕನ್ನಡ ಕ್ರೈಸ್ತ ಕುಟುಂಬಗಳಿಗೂ ಪಾಠವೇ.

ಮೈಸೂರು ಧರ್ಮಕ್ಷೇತ್ರದ ಬಿಷಪ್ ಕೆ.ಎ. ವಿಲಿಯಂ ಅವರ ವಿರುದ್ಧ 2019ರಲ್ಲಿ 37 ಮಂದಿ ಗುರುಗಳೇ ಪೋಪ್‌ಗೆ ದೂರು ಬರೆದರು. ನಡತೆ, ಹಣಕಾಸು ಎರಡರ ಮೇಲೂ ಆರೋಪ ಇತ್ತು. ಬಿಷಪ್ ಎಲ್ಲವನ್ನೂ ಅಲ್ಲಗಳೆದರು. 2023ರ ಜನವರಿಯಲ್ಲಿ ಅವರನ್ನು ರಜೆಯ ಮೇಲೆ ಕಳಿಸಿ, ನಿವೃತ್ತ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ಅವರಿಗೆ ಆಡಳಿತ ವಹಿಸಲಾಯಿತು. 2024ರ ಜನವರಿಯಲ್ಲಿ ರಾಜೀನಾಮೆ ಅಂಗೀಕಾರವಾಯಿತು.

ದೂರು ಕೊಟ್ಟಾಗಿನಿಂದ ರಜೆಯ ಆದೇಶ ಬರುವತನಕ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆರೋಪ ನಿಜವಾಗಿದ್ದರೆ ನೊಂದವರಿಗೆ ಅನ್ಯಾಯ, ಸುಳ್ಳಾಗಿದ್ದರೆ ಬಿಷಪ್‌ಗೂ ಅನ್ಯಾಯ. ನಡುವೆ ಗೊಂದಲದಲ್ಲಿ ಬಿದ್ದವರು ಸಾಮಾನ್ಯ ಭಕ್ತರು. ಮೇಲಿನವರಿಗೆ ಉತ್ತರ ಕೊಟ್ಟರೆ ಆಯಿತು ಅನ್ನುವ ಪದ್ಧತಿಯ ಕೊರತೆ ಇದೇ.

ಕೇಳಲು ದಾರಿ ಇದೆ

ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎಂದು ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 1287ನೇ ವಿಧಿ ಹೇಳುತ್ತದೆ. ಪ್ರತಿ ಚರ್ಚ್‌ಗೂ ಹಣಕಾಸು ಸಮಿತಿ ಇರಬೇಕು ಎನ್ನುತ್ತದೆ 537ನೇ ವಿಧಿ.

ಬೀದರ್ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಗಳೂ ಬಹಳ. ಸಭೆ ಯಾವುದೇ ಇರಲಿ, ಉಮರ್ಗಾ, ನಿಲಂಗಾ, ಉದಗೀರದ ಚರ್ಚ್ ಟ್ರಸ್ಟ್‌ಗಳಿಗೆ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಅನ್ವಯಿಸುತ್ತದೆ. ನೋಂದಣಿ ಆಗಬೇಕು, ವರ್ಷಾ ವರ್ಷ ಲೆಕ್ಕ ತಪಾಸಣೆ ಆಗಬೇಕು. ಗೋಲ್‌ಮಾಲ್ ಕಂಡರೆ ಧರ್ಮಾದಾಯ ಆಯುಕ್ತರಿಗೆ ಅರ್ಜಿ ಕೊಡಬಹುದು. ಟ್ರಸ್ಟ್‌ಗೆ ಸಂಬಂಧಪಟ್ಟ ಇಬ್ಬರು ಸೇರಿ, ಆಯುಕ್ತರ ಒಪ್ಪಿಗೆ ಪಡೆದು ಕೋರ್ಟಿಗೂ ಹೋಗಬಹುದು.

ಅಪರಾಧದ ಮಾತು ಬಂದರೆ ದಾರಿ ಬೇರೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. 'ಬಿಷಪ್‌ರಿಗೆ ಹೇಳೇವಿ' ಅಂದರೆ ಸಾಲದು. ಊರಿನ ಮಾನ, ಸಭೆಯ ಮಾನ ಎಂದು ಮುಚ್ಚಿಟ್ಟರೆ ಅದೇ ತಪ್ಪು.

ಲೆಕ್ಕ ಕೇಳುವುದು ಗುರುದ್ರೋಹವಲ್ಲ. ಊರೂರು ತಿರುಗಿ ಶಾಲೆ, ದವಾಖಾನೆ ನಡೆಸಿದ ಪ್ರಾಮಾಣಿಕ ಗುರುಗಳು ಬಹಳ ಮಂದಿ ಇದ್ದಾರೆ. ವರ್ಷಕ್ಕೊಮ್ಮೆ ಚರ್ಚಿನ ಬಾಗಿಲಿಗೆ ಜಮಾ-ಖರ್ಚಿನ ಹಾಳೆ ಅಂಟಿಸಿದರೆ ಅವರಿಗೆ ನಷ್ಟವೇನಿಲ್ಲ. ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ದಿನ ಭಕ್ತರ ಪಾದ ತೊಳೆಯುವ ಗುರುಗಳಿಗೆ ಅದೇ ಭಕ್ತರ ಪ್ರಶ್ನೆಗೆ ಉತ್ತರ ಕೊಡುವುದು ಭಾರವಾಗಬಾರದು.