ಚೀಲಕ್ಕೆ ಚೀಟಿ, ಪ್ರೋಗ್ರಾಮಿಗೆ ಹೆಸರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬೆಳೆಗಾರರು ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುತ್ತಾರೆ. ಎಲ್ಲ ಚೀಲಗಳ ಮೇಲೂ ಬರೀ ‘ಅ’ ಎಂದು ಬರೆದಿಟ್ಟರೆ? ಬರೆದವರಿಗೆ ನಾಲ್ಕು ದಿನ ನೆನಪಿದ್ದೀತು. ಆಮೇಲೆ ಒಂದೊಂದು ಚೀಲದ ಬಾಯಿಯನ್ನೂ ಬಿಚ್ಚಿ ನೋಡಬೇಕು. ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುವ ಮಕ್ಕಳು ಮಾಡುವ ತಪ್ಪೂ ಇದೇ.

ಪ್ರೋಗ್ರಾಮಿನಲ್ಲಿ ಮಾಹಿತಿಯನ್ನು ಇಡುವ ಜಾಗಕ್ಕೆ ಒಂದು ಹೆಸರು ಬೇಕು. ಇದೇ ವೇರಿಯಬಲ್, ಅಂದರೆ ಚರಾಕ್ಷರ. 1957ರ ಫೋರ್‌ಟ್ರಾನ್ ಭಾಷೆಯಲ್ಲಿ ಆ ಹೆಸರು ಆರು ಅಕ್ಷರ ಮೀರುವಂತಿರಲಿಲ್ಲ. 1964ರ ಬೇಸಿಕ್‌ನಲ್ಲಿ ಒಂದು ಅಕ್ಷರ, ಬೇಕಿದ್ದರೆ ಜತೆಗೊಂದು ಅಂಕಿ, ಅಷ್ಟೇ. ಇಂದು ಆ ಕಟ್ಟುಪಾಡಿಲ್ಲ. ಪೈಥಾನ್‌ನಲ್ಲಿ ಕನ್ನಡ ಅಕ್ಷರಗಳಲ್ಲೇ ಹೆಸರಿಡಬಹುದು. ಆದರೂ ಬೀಜಗಣಿತದ ಅಭ್ಯಾಸದಿಂದ ಒಂಟಿ ಅಕ್ಷರವೇ ಮೊದಲು ಕೈಗೆ ಬರುತ್ತದೆ.

ಮಲೆನಾಡಿನ ಮನೆಗಳಲ್ಲಿ ಮಳೆಯನ್ನು ಇಂಚಿನಲ್ಲಿ ಹೇಳುವುದು ರೂಢಿ. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ. ಶೃಂಗೇರಿಯ ವಿದ್ಯಾರ್ಥಿನಿಯೊಬ್ಬಳು ಅಜ್ಜನ ಡೈರಿಯಲ್ಲಿರುವ ಮಳೆಯನ್ನು ಕೂಡಿಸಲು ಪ್ರೋಗ್ರಾಂ ಬರೆದು, ಮಳೆಗೆ ‘ಮ’ ಎಂದು ಹೆಸರಿಟ್ಟಳು ಎಂದುಕೊಳ್ಳೋಣ. ಮುಂದಿನ ವರ್ಷ ಅವಳ ತಮ್ಮ ಅದಕ್ಕೇ ಇಲಾಖೆಯ ಅಂಕಿಗಳನ್ನು ಸೇರಿಸಿದ. 4 ಇಂಚು, 100 ಮಿಲಿಮೀಟರ್ ಹೆಚ್ಚುಕಡಿಮೆ ಒಂದೇ ಮಳೆ. ಕಂಪ್ಯೂಟರ್ ಮಾತ್ರ 4ಕ್ಕೆ 100 ಕೂಡಿಸಿ 104 ಎನ್ನುತ್ತದೆ. ತಪ್ಪೆಂದು ಎಚ್ಚರಿಸುವುದೂ ಇಲ್ಲ. ‘ಮಳೆ_ಇಂಚು’ ಎಂದು ಬರೆದಿದ್ದರೆ ತಮ್ಮನ ಕೈ ಅಲ್ಲೇ ತಡೆಯುತ್ತಿತ್ತು. 25.4ರಿಂದ ಭಾಗಿಸಿಯೇ ಕೂಡಿಸುತ್ತಿದ್ದ.

ಇದು ಬರೀ ಮಕ್ಕಳ ತಪ್ಪಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಬಳಿ ಕೈತಪ್ಪಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ನೌಕೆಯನ್ನು ತಳ್ಳುವ ಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಟ್ಟಿತ್ತು. ಅದನ್ನು ಬಳಸಿದ ಇನ್ನೊಂದು ಪ್ರೋಗ್ರಾಂ ನ್ಯೂಟನ್ ಮಾನವೆಂದೇ ಎಣಿಸಿತ್ತು. ಅಂತರ ಸುಮಾರು ನಾಲ್ಕೂವರೆ ಪಟ್ಟು! ಒಳ್ಳೆಯ ಹೆಸರೊಂದೇ ನೌಕೆಯನ್ನು ಉಳಿಸುತ್ತಿತ್ತು ಎನ್ನಲಾಗದು. ಆದರೆ ಸಂಖ್ಯೆಯ ಜತೆಗೇ ಅದರ ಮಾನವೂ ಕಾಣುತ್ತಿರಬೇಕು ಎಂಬ ಪಾಠ ಎಲ್ಲರಿಗೂ ಆಯಿತು.

ಹಾಗೆಂದು ಹೆಸರು ಮಾರುದ್ದ ಇರಬೇಕಿಲ್ಲ. ಎನ್.ಆರ್.ಪುರ ಎಂದರೆ ಈ ಸೀಮೆಯವರಿಗೆ ಸಾಕು, ಹೊರಗಿನವರಿಗೆ ಸಾಲದು. ಬರೀ ಕೊಪ್ಪ ಎಂದರೂ ಗೊಂದಲವೇ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲೂ ಒಂದು ಕೊಪ್ಪವಿದೆ! ಓದುವವರು ಯಾರು ಎಂದು ನೋಡಿ ಹೆಸರಿಡಬೇಕು.

ಪಾಲಕರು ಕಂಪ್ಯೂಟರ್ ಕಲಿಯದಿದ್ದರೂ ಇದನ್ನು ಪರೀಕ್ಷಿಸಬಹುದು. ಮಗ ಅಥವಾ ಮಗಳು ಬರೆದ ಪ್ರೋಗ್ರಾಮಿನ ಒಂದು ಹೆಸರಿನ ಮೇಲೆ ಬೆರಳಿಟ್ಟು, “ಇದರಲ್ಲಿ ಏನಿದೆ?” ಎಂದು ಕೇಳಿ. ಉತ್ತರ ಹೇಳಲು ಮಕ್ಕಳು ತಡವರಿಸಿದರೆ ಆ ಹೆಸರನ್ನು ಬದಲಿಸುವುದೇ ಲೇಸು. ಕಂಪ್ಯೂಟರಿಗೆ ಯಾವ ಹೆಸರಾದರೂ ಒಂದೇ. ನಾಳೆ ಅದನ್ನು ಓದಿ ತಿದ್ದಬೇಕಾದವರು ಮನುಷ್ಯರು.