ಹಿಮದ ನಾಡಿನಲ್ಲಿ ಶಾಲೆಗೆ ಹೋದ ನಮ್ಮ ಹುಡುಗಿ

ನಮ್ಮ ಕಡೆ ಅರಾಬಿಕಾ ಕೊಯ್ಲು ಬಿರುಸಾಗಿ, ಮನೆ ಮನೆಯಲ್ಲೂ ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವ ಡಿಸೆಂಬರ್ ತಿಂಗಳಲ್ಲಿ, ಫಿನ್‌ಲೆಂಡ್ ದೇಶದ ನಡುಭಾಗದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಒಂಬತ್ತೂವರೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರಕ್ಕೆ ಮೊದಲೇ. ಉತ್ತರದ ತುದಿಯಲ್ಲಂತೂ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಮುಖ ತೋರಿಸುವುದೇ ಇಲ್ಲ. ಇಂಥ ನಾಡಿನ ಯುವಸ್ಕುಲ ಎಂಬ ಊರಿನಲ್ಲಿ ನಮ್ಮ ಸಂಘದ ಸದಸ್ಯರೊಬ್ಬರ ಮಗಳು, ಹದಿನಾರರ ಹುಡುಗಿ, ಒಂದು ವರ್ಷ ವಿನಿಮಯ ವಿದ್ಯಾರ್ಥಿನಿಯಾಗಿದ್ದು ಬಂದಿದ್ದಾಳೆ. "ನಮ್ಮ ಹುಡುಗನನ್ನೂ ಕಳಿಸಬಹುದೇ, ಚಳಿ ತಡೆದಾನೇ?" ಎಂದು ಕೇಳುವ ಸದಸ್ಯರು ಈಚೆಗೆ ಹೆಚ್ಚಾಗಿರುವುದರಿಂದ, ಅವಳನ್ನೂ ಅವಳ ತಂದೆತಾಯಿಗಳನ್ನೂ ಕೂರಿಸಿಕೊಂಡು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಹಾಕಬೇಡಿ ಎಂದು ಅವಳೇ ಹೇಳಿದ್ದರಿಂದ ಹಾಕಿಲ್ಲ.

ಈ ವಿನಿಮಯ ಪದ್ಧತಿ ಹೊಸದೇನಲ್ಲ. ಯೂರೋಪಿನ ರೋಟರಿ ಕ್ಲಬ್ಬುಗಳು 1927ರಲ್ಲೇ ಇದಕ್ಕೆ ಕೈಹಾಕಿದ್ದವು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಸ್ವಯಂಸೇವಕರ ಸಂಸ್ಥೆ ಎ.ಎಫ್.ಎಸ್. ಎರಡನೆಯ ಯುದ್ಧ ಮುಗಿದ ಮೇಲೆ, 1947ರಲ್ಲಿ, ಹೈಸ್ಕೂಲು ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸತೊಡಗಿತು. ಮಗು ಅಲ್ಲಿನ ಒಂದು ಕುಟುಂಬದಲ್ಲಿ ಮನೆಮಗುವಿನಂತೆ ಇದ್ದು, ಊರಿನ ಶಾಲೆಗೇ ಹೋಗಬೇಕು.

ಮೊದಲು ಚಳಿಯ ಮಾತು. ಜನವರಿಯಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಇಳಿಯುವ ದಿನಗಳು ಅಲ್ಲಿ ಅಪರೂಪವಲ್ಲ. ಅದಕ್ಕಾಗಿ ಶಾಲೆಗೆ ರಜೆಯೂ ಇಲ್ಲ. ಆದರೆ ಹುಡುಗಿ ಹೇಳುವಂತೆ ಚಳಿ ಇರುವುದು ಹೊರಗೆ ಮಾತ್ರ. ಕಿಟಕಿಗಳಿಗೆ ಮೂರು ಪದರ ಗಾಜು, ಮನೆಯೊಳಗೆ ಹಗಲೂ ರಾತ್ರಿ 20 ಡಿಗ್ರಿಗೆ ಕಡಿಮೆಯಿಲ್ಲದ ಬೆಚ್ಚನೆ. "ನಮ್ಮ ಹೆಂಚಿನ ಮನೇಲಿ ಡಿಸೆಂಬರಿನಲ್ಲಿ ಎರಡು ಕಂಬಳಿ ಹೊದ್ದು ನಡುಗಿದಷ್ಟು ಅಲ್ಲಿ ಒಂದು ರಾತ್ರೀನೂ ನಡುಗಲಿಲ್ಲ" ಎಂದಳು. ಹೊರಗೆ ಹೋಗುವಾಗ ಮೈಗಂಟಿದ ಉಣ್ಣೆಯ ಒಳಉಡುಪು, ಮೇಲೊಂದು ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಕೋಟು. ಒಂದೇ ದಪ್ಪ ಬಟ್ಟೆಗಿಂತ ಮೂರು ತೆಳುವಾದವೇ ಮೇಲು. ಕೋಟಿನ ಅಂಚಿಗೆ ದಾರದಲ್ಲಿ ಒಂದು ಬಿಲ್ಲೆ ನೇತಾಡುತ್ತಿರಬೇಕು. ವಾಹನದ ದೀಪ ಬಿದ್ದರೆ ಫಳಕ್ಕನೆ ಹೊಳೆಯುತ್ತದೆ. ಕತ್ತಲಲ್ಲಿ ನಡೆಯುವವರು ಅಲ್ಲಿ ಇಂಥದ್ದನ್ನು ತೊಡುತ್ತಾರೆ.

ಬೆಳಿಗ್ಗೆ ಆರೂವರೆಗೆ ಏಳುವುದು. ರಾತ್ರಿ ಹಿಮ ಬಿದ್ದಿದ್ದರೆ ಮನೆಯ ಅಪ್ಪ, ತಮ್ಮ, ಇವಳು ಮೂವರೂ ಸಲಿಕೆ ಹಿಡಿದು ಬಾಗಿಲಿಂದ ರಸ್ತೆಯವರೆಗೆ ದಾರಿ ಬಿಡಿಸಬೇಕು. ಆಳುಕಾಳು ಎಂಬುದು ಆ ಮನೆಯಲ್ಲಿ ಇಲ್ಲ. ಅವರವರ ಬಟ್ಟೆ ಅವರವರೇ ಒಗೆಯುವುದು, ಉಂಡ ತಟ್ಟೆ ತಾವೇ ತೊಳೆದು ಇಡುವುದು. ಪಲ್ಪರ್ ಮನೆಯ ಕಡೆ ಒಂದು ದಿನ ಇಣುಕದ ಹುಡುಗಿ ಅಲ್ಲಿ ಹಿಮ ಎತ್ತಿದಳು ಎಂದು ಕೇಳಿ ಅವಳ ತಂದೆಗೇ ನಂಬಿಕೆ ಬಂದಿರಲಿಲ್ಲ.

ಶಾಲೆಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಹದಿನಾರು ತುಂಬಿದವರು ಹೋಗುವ ಅಲ್ಲಿನ ಶಾಲೆ ನಮ್ಮ ಪಿ.ಯು.ಸಿ.ಗೆ ಹತ್ತಿರದ್ದು. ಸಮವಸ್ತ್ರವಿಲ್ಲ, ಮೇಷ್ಟರನ್ನು ಹೆಸರು ಹಿಡಿದು ಕರೆಯುತ್ತಾರೆ. ಇವಳಿಗೆ ಆ ಅಭ್ಯಾಸವಾಗಲು ಮೂರು ತಿಂಗಳು ಹಿಡಿಯಿತಂತೆ. ವರ್ಷವನ್ನು ಐದು ಭಾಗ ಮಾಡಿ, ಪ್ರತಿ ಭಾಗದ ಕೊನೆಗೆ ಒಂದು ವಾರ ಪರೀಕ್ಷೆ. ಮಧ್ಯಾಹ್ನದ ಬಿಸಿಯೂಟ ಎಲ್ಲರಿಗೂ ಉಚಿತ. 1948ರಿಂದ ಆ ದೇಶದ ಶಾಲೆಗಳಲ್ಲಿ ನಡೆದುಬಂದ ಪದ್ಧತಿ ಇದು. ಊಟಕ್ಕೆ ಕರೆಯುವುದು ಹನ್ನೊಂದರ ಸುಮಾರಿಗೇ. ಆಲೂಗಡ್ಡೆ, ಹುಳಿ ಹುಳಿಯಾದ ಕಪ್ಪು ರೈ ರೊಟ್ಟಿ, ತಣ್ಣನೆಯ ಹಾಲು. ಬಿಸಿಲಿಲ್ಲದ ನಾಡಾದ್ದರಿಂದ ಆ ಹಾಲಿಗೇ ಡಿ ಜೀವಸತ್ವ ಸೇರಿಸಿರುತ್ತಾರೆ. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯೂ ಇರುತ್ತಿತ್ತು, ಉಪವಾಸ ಬೀಳಲಿಲ್ಲ. ಚಟ್ನಿಪುಡಿ ಮಾತ್ರ ಅಕ್ಟೋಬರಿಗೇ ಮುಗಿದಿತ್ತು.

ಭಾಷೆ ಕಷ್ಟದ್ದೆಂದು ಲೋಕವೇ ಹೇಳುತ್ತದೆ, ಹದಿನೈದು ವಿಭಕ್ತಿಗಳಿವೆಯಂತೆ. ನಮ್ಮ ಹುಡುಗಿಗೆ ಅದೇ ಸುಲಭವಾಯಿತು. 'ತಾಲೊ' ಎಂದರೆ ಮನೆ, 'ತಾಲೊಸ್ಸ' ಎಂದರೆ ಮನೆಯಲ್ಲಿ, 'ತಾಲೊಸ್ತ' ಎಂದರೆ ಮನೆಯಿಂದ. ಕನ್ನಡದ ಹಾಗೆ ಪ್ರತ್ಯಯ ಬಾಲಕ್ಕೆ ಅಂಟಿಕೊಳ್ಳುತ್ತದೆ. ಒತ್ತಕ್ಷರದ ಬೆಲೆಯೂ ನಮ್ಮಲ್ಲಿರುವಂತೆಯೇ: 'ಕುಕ' ಎಂದರೆ ಯಾರು, 'ಕುಕ್ಕ' ಎಂದರೆ ಹೂ. ಎರಡು ಭಾಷೆಗೂ ನೆಂಟಸ್ತಿಕೆ ಇದೆಯೆಂದು ಇದರ ಅರ್ಥವಲ್ಲ. ಆದರೂ ಅದೇ ಶಾಲೆಯಲ್ಲಿದ್ದ ಬೇರೆ ದೇಶದ ಮಕ್ಕಳಿಗಿಂತ ಬೇಗ ಇವಳಿಗೆ ಕಿವಿ ಹಿಡಿಯಿತು.

ಇನ್ನು ನಮ್ಮ ಬೆಳೆಯ ವಿಷಯ ಬಿಡುವುದು ಹೇಗೆ? ಇಡೀ ದೇಶದ ಜನ 56 ಲಕ್ಷದಷ್ಟು. ತಲೆಗೆ ವರ್ಷಕ್ಕೆ ಸುಮಾರು 10 ಕಿಲೋ ಕಾಫಿ ಕುಡಿಯುತ್ತಾರೆ. ನಾವು ಭಾರತೀಯರು 100 ಗ್ರಾಮಿನ ಆಸುಪಾಸು. ತಲೆಗೊಂದು ಕಿಲೋ ನಾವು ಕುಡಿದರೂ ನಮ್ಮ ದೇಶದ ಬೆಳೆಯೆಲ್ಲ ಇಲ್ಲೇ ಸಾಲದಾಗುತ್ತಿತ್ತು! ಅಲ್ಲಿನ ಕಾರ್ಮಿಕ ಒಪ್ಪಂದಗಳಲ್ಲಿ ಕಾಫಿ ವಿರಾಮವನ್ನೂ ಬರೆದಿರುತ್ತಾರೆ. ಹುರಿಯುವುದು ತೀರ ತಿಳಿಯಾಗಿ, ಚಿಕೋರಿಯ ಗಂಧವಿಲ್ಲ. ಬ್ರೆಜಿಲ್, ಕೊಲಂಬಿಯಾದ ಬೀಜವೇ ಬಹುಪಾಲು. ಇವಳು ಒಂದು ಭಾನುವಾರ ನಮ್ಮ ಮನೆಗಳಂತೆ ಗಟ್ಟಿ ಡಿಕಾಕ್ಷನ್ ಇಳಿಸಿ, ಹಾಲು ಸಕ್ಕರೆ ಬೆರೆಸಿ ಕೊಟ್ಟಳಂತೆ. ಮನೆಯ ಅಮ್ಮ ಒಂದು ಗುಟುಕು ಕುಡಿದು, "ಇದು ಒಳ್ಳೆಯ ಸಿಹಿತಿಂಡಿ" ಎಂದರಂತೆ. ಕಾಫಿಯ ಜೊತೆ ತಿನ್ನುವ ಸಿಹಿ ಬನ್ನಿಗೆ ಅವರು ಹಾಕುವುದು ಮಾತ್ರ ಏಲಕ್ಕಿ. ಆ ವಾಸನೆ ಮೂಗಿಗೆ ಬಿದ್ದ ದಿನ ಹುಡುಗಿಗೆ ಅಳು ಬಂದಿತ್ತು.

ನಿಜವಾದ ಕಷ್ಟ ಬಂದದ್ದು ಡಿಸೆಂಬರಿನಲ್ಲಿ. 6ನೇ ತಾರೀಖು ಅವರ ಸ್ವಾತಂತ್ರ್ಯ ದಿನ. 1917ರಲ್ಲಿ ರಷ್ಯಾದಿಂದ ಬಿಡಿಸಿಕೊಂಡದ್ದು. ಅಂದು ಕಿಟಕಿಗಳಲ್ಲಿ ಎರಡೆರಡು ಮೇಣದ ಬತ್ತಿ ಹಚ್ಚಿಡುತ್ತಾರೆ. ಬತ್ತಿ ಆರಿದ ಮೇಲೆ ಉಳಿದದ್ದು ಬರಿಯ ಕತ್ತಲೆ. ಅಲ್ಲಿನವರು ಸ್ವಭಾವತಃ ಮಿತಭಾಷಿಗಳು; ಒಂದೇ ಕೋಣೆಯಲ್ಲಿ ಒಂದು ಗಂಟೆ ಮಾತಿಲ್ಲದೆ ಕೂರಬಲ್ಲರು. ತನ್ನ ಮೇಲೆ ಅವರಿಗೆ ಸಿಟ್ಟು ಬಂದಿದೆಯೆಂದು ಇವಳ ಭಾವನೆ. ಇತ್ತ ತಾಯಿ ದಿನಾ ರಾತ್ರಿ ಎಂಟಕ್ಕೆ ಫೋನು ಮಾಡುವರು. ಚಳಿಗಾಲದಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ನಾಲ್ಕೂವರೆ, ಆಗಲೇ ಕಪ್ಪು. ಫೋನಿನಲ್ಲೇ ಅಡಿಕೆ ಸುಲಿಯುವ ಜಗಲಿ, ಅತ್ತೆಯ ಮಕ್ಕಳು, ಕಣದ ದೀಪ ಎಲ್ಲವನ್ನೂ ತೋರಿಸುವರು. ಹುಡುಗಿ ನೋಡಿ ನೋಡಿ ಅಳುವಳು, ಊಟ ಬಿಡುವಳು. "ಕರೆಸಿಕೊಂಡುಬಿಡಿ" ಎಂದು ತಾಯಿ ಹಟ ಹಿಡಿದರು. ತಂದೆ ಟಿಕೆಟ್ಟಿನ ದರ ವಿಚಾರಿಸಿಯೂ ಆಗಿತ್ತು.

ಇಂಥ ಮಕ್ಕಳ ಯೋಗಕ್ಷೇಮ ನೋಡಲು ಆ ಊರಿನಲ್ಲೇ ಸಂಸ್ಥೆಯ ಒಬ್ಬ ಸ್ವಯಂಸೇವಕರು ಇರುತ್ತಾರೆ. ಆಕೆ ಹೇಳಿದ್ದು ಇಷ್ಟೆ: ಫೋನು ವಾರಕ್ಕೊಮ್ಮೆ, ಭಾನುವಾರ ಮಾತ್ರ, ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಬೇಕು, ಬೆಳಗಿನ ತಿಂಡಿಯ ಹೊತ್ತಿಗೆ ಪ್ರಖರ ದೀಪದ ಎದುರು ಕೂರಬೇಕು. ಅಲ್ಲಿ ಹಲವರ ಮನೆಯಲ್ಲಿ ಅಂಥ ದೀಪವಿರುತ್ತದೆ. ಫೆಬ್ರವರಿ ಮುಗಿಯುವವರೆಗೆ ಕಾಯಿರಿ, ಆಮೇಲೂ ಬೇಕೆಂದರೆ ಕಳಿಸುತ್ತೇವೆ ಎಂದರು. ತಾಯಿಗೆ ಈ ಕಟ್ಟುನಿಟ್ಟು ಕ್ರೌರ್ಯವಾಗಿ ಕಂಡಿತು. ನಮಗೆ ಹಾಗೆ ಕಾಣುವುದಿಲ್ಲ. ದಿನಾ ಕಿತ್ತು ನೋಡಿದರೆ ಯಾವ ಸಸಿ ಬೇರು ಬಿಟ್ಟೀತು?

ಶನಿವಾರ ಸಂಜೆಯ ಉಗಿಸ್ನಾನ ಅವಳಿಗೆ ದಾರಿ ತೋರಿಸಿತು. ನಮ್ಮ ಶನಿವಾರದ ಎಣ್ಣೆಸ್ನಾನದ ಹಾಗೆಯೇ ಅದೂ ವಾರದ ಕಟ್ಟಳೆ. ಕಾದ ಕಲ್ಲಿನ ಮೇಲೆ ನೀರು ಸುರಿದು, ಮರದ ಕೋಣೆಯಲ್ಲಿ ಹೆಂಗಸರೇ ಕೂತಾಗ, ಅದುವರೆಗೆ ತುಟಿ ಬಿಚ್ಚದ ಮನೆಯ ಅಮ್ಮ ತಮ್ಮ ಬಾಲ್ಯ, ಬಸುರಿ ಬಾಣಂತನ ಎಲ್ಲ ಹೇಳಿದರಂತೆ. ಸಿಟ್ಟಿಲ್ಲ ಎಂದು ಇವಳಿಗೆ ತಿಳಿದದ್ದು ಅಲ್ಲಿಯೇ. ಫೆಬ್ರವರಿಯಲ್ಲಿ ಹಗಲು ದಿನಕ್ಕೆ ಐದಾರು ನಿಮಿಷ ಬೆಳೆಯತೊಡಗುತ್ತದೆ. ಹಿಮಜಾರಾಟಕ್ಕೆಂದೇ ಶಾಲೆಗೆ ಒಂದು ವಾರ ರಜೆ ಕೊಟ್ಟಾಗ, ಹೆಪ್ಪುಗಟ್ಟಿದ ಕೆರೆಯ ಮೇಲೆ ಬಿಸಿಲಿನಲ್ಲಿ ಬಿದ್ದು ಎದ್ದು ಆಡಿದ್ದಾಳೆ. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಕಳಿಸುವ ಯೋಚನೆಯಿರುವವರಿಗೆ ಎರಡು ಮಾತು. ಆ ವರ್ಷ ಇಲ್ಲಿನ ಓದಿಗೆ ಲೆಕ್ಕಕ್ಕೆ ಬಾರದು ಎಂದೇ ಎಣಿಸಿ ಹೊರಡಬೇಕು. ಇವಳು ಹತ್ತನೆಯ ತರಗತಿ ಮುಗಿಸಿ ಹೋಗಿದ್ದಳು; ಬಂದು ಮೊದಲ ಪಿ.ಯು.ಸಿ. ಸೇರಿದಾಗ ಓರಗೆಯವರು ಎರಡನೆಯದರಲ್ಲಿದ್ದರು. ಖರ್ಚು ಸಣ್ಣದಲ್ಲ; ಬೆಳೆಸಾಲದ ಹಣ ಇದಕ್ಕಲ್ಲ ಎಂದು ಕಾರ್ಯದರ್ಶಿಯಾಗಿ ಈಗಲೇ ಹೇಳಿಬಿಡುತ್ತೇವೆ. ನೆಂಟರ ಮನೆಯಲ್ಲೂ ಒಂದು ರಾತ್ರಿ ತಂಗದ, ತಟ್ಟೆಗೆ ಬಡಿಸಿದ್ದನ್ನು ತಿನ್ನದ ಮಗುವನ್ನು ಬರಿಯ ಹೆಮ್ಮೆಗಾಗಿ ಕಳಿಸುವುದು ಬೇಡ. ಕೋಟು ಬೂಟುಗಳನ್ನು ಇಲ್ಲಿ ದುಬಾರಿ ಬೆಲೆಗೆ ಕೊಳ್ಳಬೇಡಿ. ಅಲ್ಲಿ ಹಳೆಯ ಬಟ್ಟೆಯ ಅಂಗಡಿಗಳಲ್ಲಿ ಒಳ್ಳೆಯವೇ ಅಗ್ಗವಾಗಿ ಸಿಗುತ್ತವೆ.

ಹುಡುಗಿ ಕೋಟನ್ನು ಅಲ್ಲೇ ಬಿಟ್ಟು ಬಂದಳು, ಹೊಳೆಯುವ ಬಿಲ್ಲೆಯನ್ನು ಮಾತ್ರ ತಂದಿದ್ದಾಳೆ. ಹೂಮಳೆ ಕೈಕೊಟ್ಟು, ರಾತ್ರಿ ಕರೆಂಟು ಬಂದಾಗ ಸ್ಪ್ರಿಂಕ್ಲರ್ ಪಂಪು ಹಾಕಲು ರಸ್ತೆ ದಾಟಿ ಹೋಗುವ ಅವಳ ತಂದೆಯ ಸ್ವೆಟರಿನಲ್ಲಿ ಈಗ ಅದು ನೇತಾಡುತ್ತಿದೆ.