ಬೆಕ್ಕು ಉತ್ತರ ಕೊಡದು, ಯಂತ್ರವೂ ಕೊಡದು

1975ರ ನವೆಂಬರ್‌ನಲ್ಲಿ ಅಮೆರಿಕದ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಎಂಬ ಭೌತಶಾಸ್ತ್ರ ಪತ್ರಿಕೆಯಲ್ಲಿ ಒಂದು ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಘನರೂಪದ ಹೀಲಿಯಂ-3ರಲ್ಲಿ ಪರಮಾಣುಗಳು ಹೇಗೆ ವರ್ತಿಸುತ್ತವೆ ಎಂಬುದು ಅದರ ವಿಷಯ. ಲೇಖಕರು ಇಬ್ಬರು. ಒಬ್ಬರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾಕ್ ಹೆದರಿಂಗ್ಟನ್. ಇನ್ನೊಬ್ಬರು ಎಫ್.ಡಿ.ಸಿ. ವಿಲ್ಲರ್ಡ್. ಈ ಎರಡನೆಯ ವಿದ್ವಾಂಸರು ಹೆದರಿಂಗ್ಟನ್ ಅವರ ಮನೆಯ ಬೆಕ್ಕು!

ಆದದ್ದು ಇಷ್ಟೆ. ಹೆದರಿಂಗ್ಟನ್ ಒಬ್ಬರೇ ಬರೆದಿದ್ದರೂ ಪ್ರಬಂಧದ ಉದ್ದಕ್ಕೂ ‘ನಾವು’ ಎಂದೇ ಬರೆದುಕೊಂಡು ಹೋಗಿದ್ದರು. ಲೇಖಕ ಒಬ್ಬನೇ ಇದ್ದಾಗ ‘ನಾವು’ ಎಂಬ ಬಳಕೆಯನ್ನು ಆ ಪತ್ರಿಕೆ ಒಪ್ಪುವುದಿಲ್ಲವೆಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಅದು ಬೆರಳಚ್ಚು ಯಂತ್ರದ ಕಾಲ. ಇಡೀ ಪ್ರಬಂಧವನ್ನು ಮತ್ತೆ ಬೆರಳಚ್ಚು ಮಾಡಿಸುವ ಬದಲು ಅವರು ಬೆಕ್ಕಿನ ಹೆಸರನ್ನು ಸೇರಿಸಿ ಕಳುಹಿಸಿಬಿಟ್ಟರು. ಮುಂದೆ ವಿಶ್ವವಿದ್ಯಾಲಯಕ್ಕೆ ಬಂದ ಅತಿಥಿಯೊಬ್ಬರು, ಹೆದರಿಂಗ್ಟನ್ ಇಲ್ಲವೆಂದು ತಿಳಿದು, ಹಾಗಾದರೆ ವಿಲ್ಲರ್ಡ್ ಅವರನ್ನಾದರೂ ಕಾಣಬಹುದೇ ಎಂದು ಕೇಳಿದರಂತೆ. ನಗೆ ಎದ್ದಿತು, ಗುಟ್ಟು ರಟ್ಟಾಯಿತು.

ಅಂದು ನಗೆಯ ವಿಷಯವಾಗಿದ್ದ ಪ್ರಶ್ನೆ ಇಂದು ವಿದ್ವತ್ ಪತ್ರಿಕೆಗಳ ಸಂಪಾದಕರ ನಿದ್ದೆ ಕೆಡಿಸಿದೆ. 2022ರ ನವೆಂಬರ್ 30ರಂದು ಓಪನ್‌ಎಐ ಕಂಪೆನಿ ಚಾಟ್‌ಜಿಪಿಟಿಯನ್ನು ಸಾರ್ವಜನಿಕರಿಗೆ ತೆರೆಯಿತು. ಎರಡು ತಿಂಗಳು ತುಂಬುವ ಮೊದಲೇ ಕೆಲವು ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಂಡಿತು. ಬೆಕ್ಕು ಒಂದಕ್ಷರವನ್ನೂ ಬರೆದಿರಲಿಲ್ಲ. ಈ ಯಂತ್ರವಾದರೋ ನಿಮಿಷಗಳಲ್ಲಿ ಪುಟಗಟ್ಟಲೆ ಬರೆಯಬಲ್ಲದು. ಹಾಗಿರುವಾಗ ಅದನ್ನು ಲೇಖಕನೆನ್ನಲು ಅಡ್ಡಿಯೇನು?

ಹೆಸರು ಎಂದರೆ ಹೊಣೆ

ವಿದ್ವತ್ ಪತ್ರಿಕೆಗಳ ಇತಿಹಾಸ ಮೂರೂವರೆ ಶತಮಾನಗಳದು. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಹೊರತಂದಾಗ, ಯಾವುದನ್ನು ಅಚ್ಚು ಹಾಕಬೇಕು ಎಂಬುದು ಬಹುಮಟ್ಟಿಗೆ ಅವರ ವಿವೇಚನೆಗೇ ಬಿಟ್ಟದ್ದಾಗಿತ್ತು. ಬಂದ ಪ್ರಬಂಧವನ್ನು ಅದೇ ವಿಷಯದ ತಜ್ಞರಿಗೆ ಗುಟ್ಟಾಗಿ ಕಳುಹಿಸಿ ಅಭಿಪ್ರಾಯ ಪಡೆಯುವ ಪರಾಮರ್ಶೆಯ ಪದ್ಧತಿ ನಿಧಾನವಾಗಿ ಬೆಳೆಯಿತು. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಗುರುತ್ವ ಅಲೆಗಳ ಬಗ್ಗೆ ಬರೆದ ಪ್ರಬಂಧವನ್ನು ‘ಫಿಸಿಕಲ್ ರಿವ್ಯೂ’ ಸಂಪಾದಕರು ತಜ್ಞರೊಬ್ಬರಿಗೆ ತೋರಿಸಿದ್ದಕ್ಕೆ ಐನ್‌ಸ್ಟೈನ್ ಸಿಟ್ಟಾಗಿ ಅದನ್ನು ಹಿಂಪಡೆದರು. ಆದರೆ ತಜ್ಞರ ಆಕ್ಷೇಪ ಸರಿಯಾಗಿತ್ತು. ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಅಚ್ಚಾದಾಗ ಪ್ರಬಂಧದ ತೀರ್ಮಾನವೇ ಬದಲಾಗಿತ್ತು. ಎಷ್ಟೇ ದೊಡ್ಡ ಹೆಸರಿರಲಿ, ಇನ್ನೊಬ್ಬರ ಕಣ್ಣಿಗೆ ಬಿದ್ದೇ ಹೊರಬರಬೇಕು ಎಂಬುದು ಕ್ರಮೇಣ ನಿಯಮವಾಯಿತು.

ಲೇಖಕ ಎಂದರೆ ಯಾರು ಎಂಬುದಕ್ಕೂ ಉತ್ತರ ಹೀಗೆಯೇ ಹಂತಹಂತವಾಗಿ ರೂಪುಗೊಂಡಿತು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಗುಂಪೊಂದು ಮುಂದೆ ಅಂತರರಾಷ್ಟ್ರೀಯ ಸಮಿತಿಯಾಗಿ ಬೆಳೆಯಿತು. ಲೇಖಕನೆನಿಸಿಕೊಳ್ಳಲು ಅದು ಮೂರು ಷರತ್ತು ಹಾಕಿತ್ತು. ಸಂಶೋಧನೆಯಲ್ಲಿ ಗಣನೀಯ ಪಾಲಿರಬೇಕು. ಬರೆಯುವುದರಲ್ಲೋ ತಿದ್ದುವುದರಲ್ಲೋ ಭಾಗವಹಿಸಿರಬೇಕು. ಕೊನೆಯ ಪ್ರತಿಯನ್ನು ಓದಿ ಒಪ್ಪಿರಬೇಕು. 2013ರಲ್ಲಿ ನಾಲ್ಕನೆಯದೊಂದು ಸೇರಿತು: ಪ್ರಬಂಧದ ಯಾವ ಭಾಗದ ಬಗ್ಗೆ ಪ್ರಶ್ನೆ ಎದ್ದರೂ ಅದಕ್ಕೆ ಉತ್ತರ ಸಿಗುವಂತೆ ನೋಡಿಕೊಳ್ಳುವ ಹೊಣೆ ಹೊರಬೇಕು.

ಯಂತ್ರ ಮುಗ್ಗರಿಸುವುದು ಈ ನಾಲ್ಕನೆಯ ಮೆಟ್ಟಿಲಿನಲ್ಲಿ. ತಪ್ಪು ಅಂಕಿಯಿಂದಾಗಿ ರೋಗಿಗೆ ತಪ್ಪು ಔಷಧ ಹೋದರೆ ಅದನ್ನು ಕರೆದು ಕೇಳುವಂತಿಲ್ಲ. ಪ್ರಕಟಣೆಯ ನೀತಿ ಸಮಿತಿಯಾದ ‘ಕೋಪ್’ 2023ರ ಫೆಬ್ರವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಯಂತ್ರಕ್ಕೆ ಕಾನೂನಿನ ಅಸ್ತಿತ್ವವಿಲ್ಲ. ತನಗೆ ಯಾವ ಹಿತಾಸಕ್ತಿ ಇದೆ, ಯಾವುದಿಲ್ಲ ಎಂದು ಅದು ಘೋಷಿಸಲಾರದು. ಹಕ್ಕುಸ್ವಾಮ್ಯದ ಕರಾರನ್ನು ನಿಭಾಯಿಸಲಾರದು. ಆದ್ದರಿಂದ ಅದು ಲೇಖಕನಾಗಲಾರದು. ‘ನೇಚರ್’ ಪತ್ರಿಕೆ ಜನವರಿಯಲ್ಲೇ ಈ ನಿಲುವು ತಳೆದಿತ್ತು. ‘ಸೈನ್ಸ್’ ಪತ್ರಿಕೆ ಒಂದು ಹೆಜ್ಜೆ ಮುಂದೆ ಹೋಗಿ, ಯಂತ್ರ ಬರೆದ ಪಠ್ಯವನ್ನೇ ನಿಷೇಧಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ನಿಷೇಧ ಸಡಿಲಿಸಿ, ಬಳಸಿದ್ದನ್ನು ಹೇಳಿಕೊಂಡರೆ ಸಾಕೆಂದಿತು.

ಪತ್ರಿಕೆಗಳ ನಿಯಮಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ತಿರುಳು ಒಂದೇ. ಯಂತ್ರ ಲೇಖಕನಲ್ಲ. ಅದನ್ನು ಬಳಸಿದ್ದರೆ ಎಲ್ಲಿ, ಏಕೆ ಎಂದು ಪ್ರಬಂಧದಲ್ಲೇ ತಿಳಿಸಬೇಕು. ಅದು ಕೊಟ್ಟದ್ದನ್ನೆಲ್ಲ ಮನುಷ್ಯರು ಪರಿಶೀಲಿಸಿ ಹೊಣೆ ಹೊರಬೇಕು. ಕಾಗುಣಿತ, ವ್ಯಾಕರಣ ತಿದ್ದಿಸಿಕೊಂಡಿದ್ದಕ್ಕೆ ಹಲವು ಪ್ರಕಾಶಕರು ಘೋಷಣೆ ಕೇಳುವುದಿಲ್ಲ. ಚಿತ್ರಗಳ ವಿಷಯದಲ್ಲಿ ಮಾತ್ರ ಬಿಗಿ ಹೆಚ್ಚು.

ಮೂರು ದಿನ ಬದುಕಿದ ಇಲಿ

ಚಿತ್ರಗಳ ಬಗ್ಗೆ ಈ ಬಿಗಿ ಏಕೆ ಬೇಕೆಂಬುದನ್ನು ಒಂದು ಇಲಿ ತೋರಿಸಿಕೊಟ್ಟಿತು. 2024ರ ಫೆಬ್ರವರಿ 13ರಂದು ‘ಫ್ರಾಂಟಿಯರ್ಸ್’ ಪ್ರಕಾಶನದ ಜೀವಕೋಶ ವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಬಂಧವೊಂದು ಹೊರಬಂತು. ಅದರಲ್ಲಿದ್ದ ಇಲಿಯ ಚಿತ್ರದಲ್ಲಿ ಜನನಾಂಗ ದೇಹಕ್ಕಿಂತ ದೊಡ್ಡದಾಗಿತ್ತು. ಭಾಗಗಳನ್ನು ಗುರುತಿಸಿ ಬರೆದ ಪದಗಳಲ್ಲಿ ಹಲವು ಯಾವ ಭಾಷೆಗೂ ಸೇರಿದವಲ್ಲ. ಜಗತ್ತೆಲ್ಲ ನಕ್ಕಿತು, ಮೂರೇ ದಿನದಲ್ಲಿ ಪ್ರಬಂಧ ವಾಪಸಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಚಿತ್ರಗಳನ್ನು ‘ಮಿಡ್‌ಜರ್ನಿ’ ಎಂಬ ಯಂತ್ರದಿಂದ ಬರೆಸಿದ್ದೆಂದು ಲೇಖಕರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಹೇಳಿಕೊಂಡ ಮಾತ್ರಕ್ಕೆ ಹೊಣೆ ತೀರುವುದಿಲ್ಲ ಎಂಬುದು ಇಲ್ಲಿನ ಪಾಠ. ಪರಾಮರ್ಶಕರು, ಸಂಪಾದಕರು ಎಲ್ಲರನ್ನೂ ದಾಟಿಕೊಂಡೇ ಇಲಿ ಹೊರಬಂದಿತ್ತು.

ಮರುತಿಂಗಳು ಎಲ್ಸೆವಿಯರ್ ಪ್ರಕಾಶನದ ‘ಸರ್ಫೇಸಸ್ ಅಂಡ್ ಇಂಟರ್‌ಫೇಸಸ್’ ಪತ್ರಿಕೆಯ ಸರದಿ. ಲೀಥಿಯಂ ಬ್ಯಾಟರಿಯನ್ನು ಕುರಿತ ಪ್ರಬಂಧವೊಂದರ ಪೀಠಿಕೆಯ ಮೊದಲ ಸಾಲಿನಲ್ಲೇ, ಖಂಡಿತ, ನಿಮ್ಮ ವಿಷಯಕ್ಕೊಂದು ಪೀಠಿಕೆ ಇಲ್ಲಿದೆ ಎಂಬ ಅರ್ಥದ ಯಂತ್ರದ ಮಾತು ಹಾಗೆಯೇ ಉಳಿದುಬಿಟ್ಟಿತ್ತು. ಆ ಪ್ರಬಂಧವೂ ಮುಂದೆ ರದ್ದಾಯಿತು.

ಇಂಥವು ಕಣ್ಣಿಗೆ ಬೀಳುತ್ತವೆ. ಬೀಳದಿರುವವೇ ಅಪಾಯಕಾರಿ. ಭಾಷಾ ಯಂತ್ರ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದು ನೋಡಿದಂತೆ ಉತ್ತರ ಕಟ್ಟುವುದಿಲ್ಲ. ಅಪಾರ ಬರಹವನ್ನು ಅರೆದು ಕುಡಿದು, ಈ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತಾ ವಾಕ್ಯ ಹೆಣೆಯುತ್ತದೆ. ಹಾಗಾಗಿ ಉಲ್ಲೇಖ ಕೇಳಿದರೆ, ನಂಬುವಂತಹ ಲೇಖಕರ ಹೆಸರು, ನಂಬುವಂತಹ ಶೀರ್ಷಿಕೆ, ಸಂಪುಟ, ಪುಟಸಂಖ್ಯೆ ಎಲ್ಲವನ್ನೂ ಜೋಡಿಸಿ, ಎಂದೂ ಹುಟ್ಟದ ಪ್ರಬಂಧವೊಂದನ್ನು ಮುಂದಿಡುವುದುಂಟು. ಅದನ್ನು ಒಬ್ಬರು ನಂಬಿ ಬಳಸಿದರೆ, ಅವರನ್ನು ನಂಬಿ ಇನ್ನೊಬ್ಬರು ಬಳಸುತ್ತಾರೆ.

ಮೋಸಕ್ಕೆ ಯಂತ್ರವೇ ಮೂಲವೆನ್ನುವಂತಿಲ್ಲ. ದುಡ್ಡಿಗೆ ಪ್ರಬಂಧ ತಯಾರಿಸಿ ಮಾರುವ ಕಾರ್ಖಾನೆಗಳು ಮೊದಲೇ ಇದ್ದವು. ಕದ್ದ ಮಾಲಿನ ಗುರುತು ಅಳಿಸಲು ಪದಗಳನ್ನು ತಂತ್ರಾಂಶದಿಂದ ಅದಲುಬದಲು ಮಾಡುವುದು ಅವರ ಉಪಾಯಗಳಲ್ಲೊಂದು. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಇಂಥ ‘ಚಿತ್ರಹಿಂಸೆಗೊಳಗಾದ ನುಡಿಗಟ್ಟು’ಗಳನ್ನು ಪತ್ತೆ ಹಚ್ಚಿದರು. ‘ಬ್ರೆಸ್ಟ್ ಕ್ಯಾನ್ಸರ್’ ಎಂದಿರಬೇಕಾದಲ್ಲಿ ‘ಬೋಸಮ್ ಪೆರಿಲ್’, ಅಂದರೆ ಎದೆಯ ಗಂಡಾಂತರ ಎಂದಿತ್ತು! 2023ರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ರದ್ದಾದವು. ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದವು.

ಕಾಯುವವರನ್ನು ಕಾಯುವವರಾರು?

ಪರಾಮರ್ಶಕರ ಕೆಲಸಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ. ಹೊರೆ ಹೆಚ್ಚಾದಾಗ ಪ್ರಬಂಧವನ್ನು ಯಂತ್ರಕ್ಕೆ ಕೊಟ್ಟು ಅಭಿಪ್ರಾಯ ಬರೆಸುವ ಆಸೆ ಸಹಜ. ಆದರೆ ಅಪ್ರಕಟಿತ ಪ್ರಬಂಧ ಇನ್ನೊಬ್ಬರ ಗುಟ್ಟು. ಅದನ್ನು ಹೊರಗಿನ ಕಂಪೆನಿಯ ಯಂತ್ರಕ್ಕೆ ಉಣಿಸಿದರೆ ನಂಬಿಕೆಗೆ ದ್ರೋಹ. ಇದೇ ಕಾರಣಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2023ರ ಜೂನ್‌ನಲ್ಲಿ, ಅನುದಾನದ ಅರ್ಜಿಗಳ ಪರಿಶೀಲನೆಗೆ ಇಂಥ ಯಂತ್ರ ಬಳಸುವುದನ್ನು ನಿಷೇಧಿಸಿದವು. ಆದರೂ ಬಳಕೆ ನಿಂತಿಲ್ಲ. ಕೃತಕ ಬುದ್ಧಿಮತ್ತೆಯ ಕೆಲವು ಸಮ್ಮೇಳನಗಳಿಗೆ ಬಂದ ಪರಾಮರ್ಶೆಗಳಲ್ಲಿ ಶೇ 6.5ರಿಂದ 16.9ರಷ್ಟು ಪಠ್ಯ ಯಂತ್ರದ ಕೈವಾಡದಿಂದ ಗಣನೀಯವಾಗಿ ಬದಲಾಗಿರಬಹುದೆಂದು 2024ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂದಾಜು ಮಾಡಿದರು.

ಬೇಲಿಯೇ ಹೊಲ ಮೇಯತೊಡಗಿದಾಗ ಬೆಳೆಗಾರನೂ ಉಪಾಯ ಹೂಡುತ್ತಾನೆ. ಹದಿನೇಳು ಪ್ರಬಂಧಗಳಲ್ಲಿ ಮನುಷ್ಯರ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಸೂಚನೆಗಳಿದ್ದುದನ್ನು ಜಪಾನಿನ ‘ನಿಕ್ಕೀ’ ಪತ್ರಿಕೆ 2025ರ ಜುಲೈನಲ್ಲಿ ವರದಿ ಮಾಡಿತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ, ಇಲ್ಲವೇ ಅತಿ ಸಣ್ಣ ಅಕ್ಷರ. ಒಳ್ಳೆಯ ಅಭಿಪ್ರಾಯವನ್ನೇ ಕೊಡು ಎಂದು ಯಂತ್ರಕ್ಕೆ ಮಾಡಿದ ಅಪ್ಪಣೆ ಅದು. ಬರೆಯುವವರೂ ಓದುವವರೂ ಯಂತ್ರದ ಮರೆಯಲ್ಲಿ ನಿಂತರೆ ನಡುವೆ ವಿದ್ಯೆಗೆ ಉಳಿಯುವ ಜಾಗವೆಷ್ಟು?

ಇಂಗ್ಲಿಷ್ ತಾಯ್ನುಡಿಯಲ್ಲದವರ ಪಾಡು

ಹಾಗಾದರೆ ಯಂತ್ರವನ್ನು ಪೂರ್ತಿ ನಿಷೇಧಿಸಿದರೆ ಸರಿಹೋಗುವುದೇ? ಈ ಪ್ರಶ್ನೆಯ ಬಿಸಿ ಹೆಚ್ಚು ತಟ್ಟುವುದು ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆ. ಎಂಟು ದೇಶಗಳ 908 ಪರಿಸರ ವಿಜ್ಞಾನಿಗಳನ್ನು ಕುರಿತ ಅಧ್ಯಯನವೊಂದು 2023ರಲ್ಲಿ ‘ಪ್ಲಾಸ್ ಬಯಾಲಜಿ’ಯಲ್ಲಿ ಪ್ರಕಟವಾಯಿತು. ಭಾಷೆಯ ಕಾರಣಕ್ಕೆ ಪ್ರಬಂಧ ತಿರಸ್ಕೃತವಾಗುವ ಪ್ರಸಂಗ ಇಂಥವರಿಗೆ ಎರಡೂವರೆ ಪಟ್ಟು, ಇಂಗ್ಲಿಷ್ ತಿದ್ದಿ ತರಲು ಹೇಳಿಸಿಕೊಳ್ಳುವ ಪ್ರಸಂಗ ಹನ್ನೆರಡೂವರೆ ಪಟ್ಟು ಹೆಚ್ಚೆಂದು ಅದು ಕಂಡುಕೊಂಡಿತು. ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಇಂಗ್ಲಿಷ್‌ನಲ್ಲಿ ಸಂಶೋಧನೆ ಬರೆಯಬೇಕಾದವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟಣದ ಸಿರಿವಂತ ಸಂಶೋಧಕ ಹಣ ಕೊಟ್ಟು ಮಾಡಿಸಿಕೊಳ್ಳುತ್ತಿದ್ದ ಭಾಷಾ ತಿದ್ದುಪಡಿಯನ್ನು ಯಂತ್ರ ಬಡವನಿಗೂ ಒದಗಿಸಿದೆ.

ಯಂತ್ರದ ಬರಹವನ್ನು ಹಿಡಿಯುತ್ತೇವೆನ್ನುವ ಪತ್ತೇದಾರಿ ತಂತ್ರಾಂಶಗಳೂ ಇಲ್ಲಿ ನಂಬಲರ್ಹವಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಥ ಏಳು ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ತಾಯ್ನುಡಿಯಲ್ಲದವರು ಸ್ವಂತ ಕೈಯಿಂದ ಬರೆದ ಪರೀಕ್ಷಾ ಪ್ರಬಂಧಗಳಲ್ಲಿ ಸರಾಸರಿ ಶೇ 61ರಷ್ಟನ್ನು ಅವು ಯಂತ್ರದವೆಂದು ತೀರ್ಮಾನಿಸಿದವು. ಸರಳ ಪದ, ಸರಳ ವಾಕ್ಯ ಬಳಸಿದ್ದೇ ತಪ್ಪಾಯಿತು.

ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದಿತು. ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. ಅದನ್ನು ಮೀರಿದರೆ ಪ್ರಮಾಣಕ್ಕೆ ತಕ್ಕ ಕ್ರಮ. ಆದರೆ ಈ ಅಳತೆಗೋಲು ಹಳೆಯ ಕಳ್ಳತನಕ್ಕೆ ಹೊಂದುವಂಥದು. ಯಂತ್ರ ಹೊಸದಾಗಿ ಹೆಣೆದ ವಾಕ್ಯ ಯಾರದೇ ನಕಲಾಗಿ ಕಾಣದ ಕಾರಣ ಹೋಲಿಕೆಯ ಜರಡಿಯಲ್ಲಿ ಸುಲಭವಾಗಿ ನುಸುಳಿಬಿಡುತ್ತದೆ. ಮೆಚ್ಚತಕ್ಕ ಪತ್ರಿಕೆಗಳೆಂದು ಆಯೋಗ ಸಿದ್ಧಪಡಿಸಿದ್ದ ‘ಕೇರ್’ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಡಲಾಯಿತು. ಅದರ ಜಾಗದಲ್ಲಿ ಈಗಿರುವುದು ಸಲಹಾರೂಪದ ಮಾನದಂಡಗಳು ಮಾತ್ರ. ಒಳ್ಳೆಯದನ್ನು ಆರಿಸುವ ಭಾರ ವಿಶ್ವವಿದ್ಯಾಲಯಗಳ, ಮಾರ್ಗದರ್ಶಕರ ಹೆಗಲಿಗೆ ಬಂದಿದೆ.

ಕೊನೆಗೆ ಉಳಿಯುವ ಒರೆಗಲ್ಲು ತೀರ ಹಳೆಯದೇ. ಈ ವಾಕ್ಯ ಏಕೆ ಹೀಗಿದೆ, ಈ ಅಂಕಿ ಎಲ್ಲಿಂದ ಬಂತು ಎಂದು ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಬಂದು ಉತ್ತರಿಸುವವರು ಇದ್ದಾರೆಯೇ? ಹೆದರಿಂಗ್ಟನ್ ಬೆಕ್ಕಿನ ಹೆಸರು ಹಾಕಿದರು, ನಿಜ. ಆದರೆ ಲೆಕ್ಕವನ್ನು ತಾವೇ ಮಾಡಿದ್ದರು. ಅದರ ಬಗ್ಗೆ ಕೇಳಿದವರಿಗೆ ತಾವೇ ಉತ್ತರ ಹೇಳಬಲ್ಲವರಾಗಿದ್ದರು. ಯಂತ್ರದ ನೆರವಿನಿಂದ ಇಂಗ್ಲಿಷ್ ತಿದ್ದಿಕೊಂಡ ವಿದ್ಯಾರ್ಥಿಯೂ ತನ್ನ ಪ್ರಬಂಧದ ಪ್ರತಿಯೊಂದು ಸಾಲಿಗೆ ಹಾಗೆ ಉತ್ತರ ಹೇಳಬಲ್ಲನಾದರೆ, ಅವನು ತಲೆ ತಗ್ಗಿಸಬೇಕಾದ ಕಾರಣವಿಲ್ಲ. ಹೇಳಲಾರನಾದರೆ, ಪ್ರತಿಯೊಂದು ಅಕ್ಷರವನ್ನು ತನ್ನ ಕೈಯಿಂದಲೇ ಬರೆದಿದ್ದರೂ ಅವನು ಲೇಖಕನಲ್ಲ.